ಸಹಾಯ ಬೇಕು: ಹಳೆಯ ಹೋಸ್ಟಾ ಬುಡ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ಕೈತೋಟದಲ್ಲಿ ಎಂಟು ವರ್ಷದ ಹೋಸ್ಟಾ ಗಿಡ ಇದೆ. ನೀಲಿ ಛಾಯೆಯ ಅಗಲ ಎಲೆ, ಮರದ ನೆರಳಲ್ಲಿ ತುಂಬ ಚೆನ್ನಾಗಿ ಹಬ್ಬಿತ್ತು. ಎರಡು ವರ್ಷದಿಂದ ನಡುಭಾಗ ಬೋಳಾಗಿದೆ. ಸುತ್ತ ಮಾತ್ರ ಚಿಗುರು ಬರುತ್ತಿದೆ, ಎಲೆಯೂ ಸಣ್ಣದಾಗಿದೆ. ಬುಡ ಬಿಡಿಸಿ ನೆಡಲೇಬೇಕು.

ಚಳಿ ಕಳೆದು ಈಗಷ್ಟೇ ಮೊಳಕೆ ಮೇಲೆ ಬಂದಿದೆ. ಹೆಬ್ಬೆರಳಿನಷ್ಟು ದಪ್ಪ, ತುದಿ ನೇರಳೆ, ಎಲೆ ಇನ್ನೂ ಸುರುಳಿಯಲ್ಲೇ ಇದೆ. ಎಲೆ ಬಿಚ್ಚುವ ಮೊದಲೇ ಬೇರ್ಪಡಿಸಿದರೆ ಹರಿಯುವುದಿಲ್ಲ, ಗಿಡ ಬಾಡುವುದೂ ಕಡಿಮೆ. ಹಾಗಾಗಿ ಈ ವಾರವೇ ಮಾಡಬೇಕು.

ನಿನ್ನೆ ಒಂದು ಬದಿ ಅಗೆದು ನೋಡಿದೆ. ಬೇರುಗಳು ಬಿಳಿ ಹಗ್ಗ ಹೆಣೆದ ಹಾಗೆ ಬಿಗಿದುಕೊಂಡಿವೆ. ಕೈಯಲ್ಲಿ ಬಿಡಿಸಲು ಆಗಲಿಲ್ಲ. ಹರಿತವಾದ ಚಾಕುವಿನಿಂದ ಕತ್ತರಿಸಬಹುದಾ? ಒಂದೊಂದು ತುಂಡಿನಲ್ಲಿ 2-3 ಮೊಳಕೆ ಸಾಕಾ, ಜಾಸ್ತಿ ಬಿಡಬೇಕಾ? ಹಿಂದೊಮ್ಮೆ ಆಸೆಯಿಂದ ಒಂದೊಂದೇ ಮೊಳಕೆ ಬಿಡಿಸಿ ನೆಟ್ಟಿದ್ದೆ, ಒಂದೂ ಉಳಿಯಲಿಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಇನ್ನೊಂದು, ಮರದ ಬೇರಿನ ನಡುವೆಯೇ ಮತ್ತೆ ನೆಟ್ಟರೆ ನೀರೆಲ್ಲ ಮರವೇ ಎಳೆದುಕೊಳ್ಳುತ್ತೆ ಅಲ್ವಾ? ಸ್ವತಃ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.