ಮಾಘದಲ್ಲಿ ಮದುವೆ, ನೆತ್ತಿ ಖಾಲಿ: ಹೇರ್ ಪ್ಯಾಚೋ, ಔಷಧಿಯೋ?

ಕೆಂಗೇರಿ_ಕಿಟ್ಟಿ: ನನಗೆ 29. ನಡುನೆತ್ತಿ ಕಾಣಲು ಶುರುವಾಗಿದೆ. ಮದುವೆಗೆ ಇನ್ನು ಮೂರೇ ತಿಂಗಳು. ಸಲೂನಿನವರು ಹೇರ್ ಪ್ಯಾಚ್ (ನೆತ್ತಿ ಮುಚ್ಚುವ ಕೂದಲಿನ ತುಂಡು) ಹಾಕಿಸಿಕೊಳ್ಳಿ, ಒಂದೇ ದಿನದ ಕೆಲಸ ಅಂತಾರೆ. ಚರ್ಮದ ಡಾಕ್ಟರು ತಲೆಗೆ ಹಚ್ಚಲು ಮಿನಾಕ್ಸಿಡಿಲ್, ನುಂಗಲು ಫಿನಾಸ್ಟರೈಡ್ ಮಾತ್ರೆ ಬರೆದುಕೊಟ್ಟಿದ್ದಾರೆ. ಯಾವುದು ಮಾಡಲಿ?

ಬೊಕ್ಕ_ಬಸು: ಪ್ಯಾಚ್. ಮಿನಾಕ್ಸಿಡಿಲ್ ಕಣ್ಣಿಗೆ ಕಾಣುವಷ್ಟು ಕೆಲಸ ಮಾಡಲು ನಾಲ್ಕರಿಂದ ಆರು ತಿಂಗಳು ಬೇಕು. ಮೊದಲ ಕೆಲವು ವಾರ ಇರುವ ಕೂದಲೂ ಜಾಸ್ತಿ ಉದುರಬಹುದು, ಅದೂ ಸರಿಯಾಗಿ ನೀವು ಲಗ್ನಪತ್ರಿಕೆ ಹಂಚಲು ಮನೆಮನೆಗೆ ಹೋಗುವ ಹೊತ್ತಿಗೆ.

ಮೆಡಿಕಲ್_ಮಂಜು: "ಜಾಸ್ತಿ ಉದುರಬಹುದು" ಅಂತ ಸುಮ್ನೆ ಹೆದರಿಸಬೇಡಿ. ಹಳೇ ಕೂದಲು ಜಾಗ ಬಿಟ್ಟು ಹೊಸದು ಬರುವ ಹಂತ ಅದು. ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿಗೆ ಕೊಟ್ಟಿದೆ. ಪ್ಯಾಚ್ ಮುಚ್ಚುತ್ತದೆ, ಅಷ್ಟೇ.

ಬೊಕ್ಕ_ಬಸು: "ಮುಚ್ಚುತ್ತದೆ, ಅಷ್ಟೇ"? ನಿಮ್ಮ ಔಷಧಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಬಂದದ್ದೆಲ್ಲ ಹೋಗುತ್ತದೆ. ಜೀವಮಾನಪೂರ್ತಿ ಬಾಡಿಗೆ ಕಟ್ಟಿದ ಹಾಗೆ. ಆ ಮಾತ್ರೆಯಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗುತ್ತದೆ ಅಂತ ಡಬ್ಬಿಯೊಳಗಿನ ಚೀಟಿಯಲ್ಲೇ ಇದೆ. ಮದುಮಗನಿಗೆ ಅದನ್ನು ಯಾಕೆ ಹೇಳುವುದಿಲ್ಲ?

ಸುಮಾ_ಮೈಸೂರು: ಪ್ಯಾಚ್ ಅನ್ನುವವರು ಎಣ್ಣೆ ಶಾಸ್ತ್ರ ಮರೆತಿದ್ದೀರಾ? ಐದು ಜನ ಮುತ್ತೈದೆಯರು ಗರಿಕೆಯಲ್ಲಿ ಎಣ್ಣೆ ಅದ್ದಿ ನೆತ್ತಿಗೇ ಇಡುತ್ತಾರೆ. ಎಣ್ಣೆ ಬಿದ್ದರೆ ಟೇಪಿನ ಅಂಟು ಸಡಿಲವಾಗುತ್ತದೆ. ಹುಡುಗಿಗೆ ಹೇಳಿದ್ದೀರಾ, ಇಲ್ಲವಾ? ಅದು ಮೊದಲು ಹೇಳಿ.

ವೈಟ್‌ಫೀಲ್ಡ್_ವೆಂಕಿ: ಎಲ್ಲರೂ ಮೂಲ ಬಿಟ್ಟು ಮಾತಾಡುತ್ತಿದ್ದೀರಿ. ಬೋರ್‌ವೆಲ್ ನೀರು! ಹಳೇ ಮನೆಯಲ್ಲಿ ಬಚ್ಚಲ ಜಾಲರಿ ತುಂಬ ಕೂದಲು. ಕಾವೇರಿ ನೀರಿರುವ ಮನೆಗೆ ಬಂದೆ, ನಿಂತಿತು. ಆಗಲೇ ಮಿನಾಕ್ಸಿಡಿಲ್ ಕೂಡ ಶುರು ಮಾಡಿದ್ದೆ, ಅದು ಬೇರೆ ಮಾತು.

ಮೆಡಿಕಲ್_ಮಂಜು: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಒರಟು ಮಾಡುತ್ತವೆ, ಕೂದಲು ತುಂಡಾಗಬಹುದು. ಗಂಡಸರ ಬೋಳಿಗೆ ಕಾರಣ ವಂಶವಾಹಿ ಮತ್ತು ಡಿಎಚ್‌ಟಿ ಹಾರ್ಮೋನು. ಅದೇ ನೀರು ಹಿಂದಲೆಗೂ ಬೀಳುತ್ತದೆ ಅಲ್ವಾ? ಅಲ್ಲಿ ಯಾಕೆ ಉದುರಲ್ಲ?

ವೈಟ್‌ಫೀಲ್ಡ್_ವೆಂಕಿ: "ತುಂಡಾಗಬಹುದು" ಅಂತ ನೀವೇ ಒಪ್ಪಿಕೊಂಡಿರಿ. ಮುಗಿಯಿತು.

ಬೊಕ್ಕ_ಬಸು: ಏನು ಮುಗಿಯಿತು? 2024ರಲ್ಲಿ ಕಾವೇರಿ ಐದನೇ ಹಂತದ ನೀರನ್ನು ಬೆಂಗಳೂರಿಗೆ ಸೇರಿದ 110 ಹಳ್ಳಿಗಳಿಗೆ ಅಂತ ಬಿಟ್ಟರು. ಅಲ್ಲಿನ ಗಂಡಸರಿಗೆಲ್ಲ ಜಡೆ ಬಂತಾ?

ವೈಟ್‌ಫೀಲ್ಡ್_ವೆಂಕಿ: ಟ್ಯಾಂಕರ್ ನೀರಲ್ಲಿ ಸ್ನಾನ ಮಾಡಿ ನೋಡಿ, ಆಮೇಲೆ ಜೋಕ್ ಮಾಡಿ. ಗೀಸರ್ ರಾಡ್ ಬಿಚ್ಚಿದರೆ ಬೆರಳು ದಪ್ಪ ಬಿಳಿ ಪದರ. ಅದು ತಲೆಗೆ ಒಳ್ಳೆಯದಾ?

ಮೆಡಿಕಲ್_ಮಂಜು: ರಾಡಿಗೆ ಕೂದಲ ಬೇರು ಇರಲ್ಲ ಸಾರ್.

ಕೆಂಗೇರಿ_ಕಿಟ್ಟಿ: ಹುಡುಗಿಗೆ ಹೇಳಿದ್ದೇನೆ, ಅವಳಿಗೆ ತೊಂದರೆ ಇಲ್ಲ. ತೊಂದರೆ ಇರುವುದು ನಮ್ಮ ಅಮ್ಮನಿಗೆ. ಎರಡನ್ನೂ ಒಟ್ಟಿಗೆ ಮಾಡಬಹುದಾ?

ಸುಮಾ_ಮೈಸೂರು: ಅಂಟಿಸಿದ ಪ್ಯಾಚ್ ಕೆಳಗೆ ದಿನಕ್ಕೆ ಎರಡು ಸಲ ಮಿನಾಕ್ಸಿಡಿಲ್ ಹೇಗೆ ಹಚ್ಚುತ್ತೀರಿ? ಕ್ಲಿಪ್ ಪ್ಯಾಚ್ ಆದರೆ ರಾತ್ರಿ ತೆಗೆಯಬಹುದು. ಇಲ್ಲವೇ ನೆತ್ತಿಗೆ ಕೂದಲಿನ ಹಾಗೆ ಕಾಣುವ ಕೆರಾಟಿನ್ ಫೈಬರ್ ಪುಡಿ ಉದುರಿಸಿ ಮೈಸೂರು ಪೇಟ ಇಟ್ಟುಬಿಡಿ, ಯಾರು ನೋಡುತ್ತಾರೆ?

ಬೊಕ್ಕ_ಬಸು: "ಪುಡಿ" ಅಂತೆ. ಧಾರೆಯ ಹೊತ್ತಿಗೆ ಬೆವರು ಇಳಿದು ಹಣೆ ಮೇಲೆ ಕಪ್ಪು ಗೆರೆ ಬಂದರೆ ಫೋಟೋದವನು ಅಳಿಸುತ್ತಾನಾ?

ವೈಟ್‌ಫೀಲ್ಡ್_ವೆಂಕಿ: ಕಿಟ್ಟಿ, ಮೊದಲು ಮನೆಗೆ ವಾಟರ್ ಸಾಫ್ಟನರ್ ಹಾಕಿಸಿ.

ಮೆಡಿಕಲ್_ಮಂಜು: ವೆಂಕಿ, ಈಗ ಮಿನಾಕ್ಸಿಡಿಲ್ ಬಿಟ್ಟಿದ್ದೀರಾ?

ವೈಟ್‌ಫೀಲ್ಡ್_ವೆಂಕಿ: ಯಾಕೆ ಬಿಡಲಿ?