ಸಹಾಯ ಬೇಕು: ಸರಪಳಿ ಕುಲುಮೆಯ ಕನ್ನಡ ಪದಗಳು

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಡಡ್ಲಿಯಲ್ಲಿರುವ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂ ನೋಡಲು ಊರಿನಿಂದ ಬರುವ ಅಪ್ಪ-ಅಮ್ಮಂದಿರಿಗಾಗಿ 4 ಪುಟದ ಕೈಪಿಡಿ ಬರೆಯುತ್ತಿದ್ದೇವೆ. ಸರಪಳಿ ಮಾಡುವ ಭಾಗದಲ್ಲಿ ಪದ ಸಿಗದೆ ನಿಂತಿದ್ದೇವೆ. ಕಮ್ಮಾರಿಕೆ ಬಲ್ಲ ಮನೆಯವರು ದಯವಿಟ್ಟು ಕೈಜೋಡಿಸಿ.

ಕೆಲಸ ಹೀಗೆ: ಕಬ್ಬಿಣದ ಸರಳಿನ ತುದಿ ಕಾಯಿಸಿ, ಬೇಕಾದ ಉದ್ದಕ್ಕೆ ಕಚ್ಚು ಹಾಕಿ, 'ಯು' ಆಕಾರಕ್ಕೆ ಬಗ್ಗಿಸಿ ಬೇರ್ಪಡಿಸುತ್ತಾರೆ. ಎರಡೂ ತುದಿಗಳನ್ನು ಇಳಿಜಾರಾಗಿ ಚಪ್ಪಟೆ ಬಡಿದು, ಹಿಂದಿನ ಕೊಂಡಿಗೆ ಪೋಣಿಸಿ, ಒಂದರ ಮೇಲೊಂದು ಕೂರಿಸಿ, ಮತ್ತೆ ಬೆಂಕಿಗಿಟ್ಟು ಬಡಿದು ಬೆಸೆಯುತ್ತಾರೆ. ಕಾವು ಸಾಲದಿದ್ದರೆ ಬೆಸುಗೆ ಕೂಡಿದಂತೆ ಕಂಡರೂ ಎಳೆದಾಗ ಬಿಡುತ್ತದೆ. ಹೆಚ್ಚಾದರೆ ಕಿಡಿ ಸಿಡಿದು ಕಬ್ಬಿಣವೇ ಸುಟ್ಟುಹೋಗುತ್ತದೆ. ನಡುವೆ ಕಿಟ್ಟ ಸಿಕ್ಕಿಕೊಂಡರೂ ಕೊಂಡಿ ಕೆಟ್ಟಂತೆ.

ಕುಲುಮೆ, ತಿದಿ, ಇಕ್ಕಳ, ಅಡಿಗಲ್ಲು ಎಂಬ ಪದಗಳು ನಮ್ಮಲ್ಲಿವೆ. ಆ ಇಳಿಜಾರು ತುದಿಗೆ, ಬೆಸುಗೆಗೆ ಹದವಾದ ಬಿಳಿಕಾವಿಗೆ, ಜೋಡಣೆ ನುಣುಪು ಮಾಡುವ ಕೊನೆಯ ಬಡಿತಕ್ಕೆ ನಿಮ್ಮ ಕಡೆ ಏನನ್ನುತ್ತಾರೆ?

ಈ ಪುಟ ಚೆನ್ನಾಗಿ ಬರಲೇಬೇಕು. 1910ರಲ್ಲಿ ಡಡ್ಲಿ ಬಳಿಯ ಕ್ರಾಡ್ಲಿ ಹೀತ್ ಊರಿನ ಸರಪಳಿ ಕೆಲಸದ ಹೆಂಗಸರು ಗಂಟೆಗೆ 2.5 ಪೆನ್ನಿ ಕೂಲಿಗಾಗಿ ಮುಷ್ಕರ ಹೂಡಿ ಗೆದ್ದರು. ಅದು ಹಿಂದಿನ ಕೂಲಿಯ ಹೆಚ್ಚುಕಡಿಮೆ ಎರಡರಷ್ಟು! ಮುಷ್ಕರ ನಿಧಿಯಲ್ಲಿ ಉಳಿದ ಹಣದಿಂದ ಎದ್ದ ವರ್ಕರ್ಸ್ ಇನ್‌ಸ್ಟಿಟ್ಯೂಟ್ (ಕಾರ್ಮಿಕರ ಭವನ) ಕಟ್ಟಡವನ್ನೇ ಬಿಚ್ಚಿ ತಂದು ಈ ಮ್ಯೂಸಿಯಂನಲ್ಲಿ ಮರಳಿ ಕಟ್ಟಿದ್ದಾರೆ. ಅವರ ಕೈಕೆಲಸಕ್ಕೆ ನಿಘಂಟಿನ ಪದ ಬೇಡ, ಕುಲುಮೆಯ ಪದವೇ ಬೇಕು.

ಪದದ ಜೊತೆ ಯಾವ ಊರಿನ ಬಳಕೆ ಎಂದೂ ಬರೆಯಿರಿ. ಹಿರಿಯರು ಹೇಳಿದ್ದನ್ನು ಫೋನಿನಲ್ಲಿ ಧ್ವನಿ ಮುದ್ರಿಸಿ ಕಳಿಸಿದರೂ ಆಯಿತು.