ಅನಿಲ ವಿದ್ಯುತ್ ಸ್ಥಾವರದ ಯೋಜನೆ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ (ಯುವ ಎಂಜಿನಿಯರ್, ಮಂಡ್ಯ): ಸರ್, ನಮಸ್ಕಾರ. ನಾನು ಆರು ವರ್ಷಗಳಿಂದ ಒಂದು ಸಲಹಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಆಫ್ರಿಕಾದ ಒಂದು ಕರಾವಳಿ ದೇಶಕ್ಕೆ 300 ಮೆಗಾವಾಟ್‌ನ ಅನಿಲ ವಿದ್ಯುತ್ ಸ್ಥಾವರದ ಪೂರ್ವಭಾವಿ ವರದಿ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ಆ ದೇಶದ ಗರಿಷ್ಠ ಬೇಡಿಕೆ ಸುಮಾರು 900 ಮೆಗಾವಾಟ್. ಅನಿಲ ಸಮುದ್ರದಡಿಯಲ್ಲಿದೆ, ಕೊಳವೆಮಾರ್ಗ ಇನ್ನೂ ಆಗಬೇಕು. ಒಂದೇ ದೊಡ್ಡ ಯಂತ್ರ ಹಾಕಿದರೆ ಅಗ್ಗವೆಂದು ತಯಾರಕರು ಹೇಳುತ್ತಿದ್ದಾರೆ. ವರದಿಯನ್ನು ಎಲ್ಲಿಂದ ಆರಂಭಿಸಲಿ?

ಉತ್ತರ (ನಿವೃತ್ತ ವಿದ್ಯುತ್ ಎಂಜಿನಿಯರ್, ಮೈಸೂರು): ನಮಸ್ಕಾರ. ಯಂತ್ರದ ಮಾತನ್ನು ಸದ್ಯಕ್ಕೆ ಬದಿಗಿಡಿ. ಅನಿಲ ಎಲ್ಲಿಂದ, ಯಾವ ಬೆಲೆಗೆ, ಎಷ್ಟು ವರ್ಷ ಬರುತ್ತದೆ ಎನ್ನುವುದು ಮೊದಲನೆಯ ಅಧ್ಯಾಯವಾಗಲಿ. ಆ ವಿದ್ಯುತ್ತು ಯಾರಿಗೆ, ದಿನದ ಯಾವ ಹೊತ್ತಿನಲ್ಲಿ ಬೇಕು ಎನ್ನುವುದು ಎರಡನೆಯದಾಗಲಿ.

ಲೆಕ್ಕ ಕಷ್ಟವಲ್ಲ. ಸಂಯುಕ್ತ ಆವರ್ತದ ಸ್ಥಾವರ, ಎಂದರೆ ಅನಿಲ ಟರ್ಬೈನಿನಿಂದ ಹೊರಬರುವ ಬಿಸಿಗಾಳಿಯಿಂದಲೇ ಉಗಿ ಮಾಡಿ ಮತ್ತೊಂದು ಟರ್ಬೈನನ್ನು ತಿರುಗಿಸುವ ಸ್ಥಾವರ, ಇಂಧನದ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಹಾಗಿದ್ದರೂ 300 ಮೆಗಾವಾಟ್ ಪೂರ್ಣ ಹೊರೆಯಲ್ಲಿ ನಡೆಯಲು ದಿನಕ್ಕೆ ಸುಮಾರು 14 ಲಕ್ಷ ಘನ ಮೀಟರ್ ಅನಿಲ ಬೇಕಾಗುತ್ತದೆ. ಅಷ್ಟನ್ನು ಇಪ್ಪತ್ತು ವರ್ಷ ಒದಗಿಸುವೆನೆಂದು ಯಾರು ಸಹಿ ಹಾಕುತ್ತಾರೆ, ಕೊಳವೆಮಾರ್ಗ ತಡವಾದರೆ ನಷ್ಟವನ್ನು ಯಾರು ಭರಿಸುತ್ತಾರೆ ಎನ್ನುವುದನ್ನು ಕಾಗದದ ಮೇಲೆ ನೋಡದೆ ಮುಂದೆ ಹೋಗಬೇಡಿ.

ನಮ್ಮ ದೇಶವೇ ಈ ಪಾಠಕ್ಕೆ ದುಬಾರಿ ಶುಲ್ಕ ತೆತ್ತಿದೆ. ಕೃಷ್ಣಾ-ಗೋದಾವರಿ ಜಲಾನಯನದ ಆಳಸಮುದ್ರದಿಂದ 2009ರಲ್ಲಿ ಅನಿಲ ಬರತೊಡಗಿದಾಗ, ಅದನ್ನೇ ನೆಚ್ಚಿ ಆಂಧ್ರದಲ್ಲಿ ಸ್ಥಾವರಗಳು ಎದ್ದವು. ಉತ್ಪಾದನೆ ಮರುವರ್ಷವೇ ಶಿಖರ ಮುಟ್ಟಿ ಕುಸಿಯಿತು. 2013ರ ಹೊತ್ತಿಗೆ ವಿದ್ಯುತ್ ಸ್ಥಾವರಗಳ ಪಾಲಿಗೆ ಏನೂ ಉಳಿಯಲಿಲ್ಲ. ದೇಶದಲ್ಲಿ 14,000 ಮೆಗಾವಾಟ್‌ಗೂ ಹೆಚ್ಚು ಸಾಮರ್ಥ್ಯ ಹೀಗೆ ಅನಿಲವಿಲ್ಲದೆ ನಿಂತುಹೋಯಿತು. ಅಂಥ ಒಂದು ಸ್ಥಳಕ್ಕೆ ನಾನೂ ಹೋಗಿದ್ದೆ. ಹೊಚ್ಚಹೊಸ ಟರ್ಬೈನಿನ ಒಳಕ್ಕೆ ತೇವ ತಗುಲದಂತೆ ಸಿಲಿಕಾ ಜೆಲ್ ಚೀಲಗಳನ್ನು ಇಟ್ಟಿದ್ದರು. ನೀಲಿ ಹರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿದೊಡನೆ ಅವುಗಳನ್ನು ತೆಗೆದು ಬೇರೆ ಇಡುವುದಷ್ಟೇ ಅಲ್ಲಿದ್ದ ತಂತ್ರಜ್ಞರ ಕೆಲಸವಾಗಿತ್ತು. ಸಾಲದ ಬಡ್ಡಿ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಆ ಗುಲಾಬಿ ಹರಳುಗಳನ್ನು ಅಂಗೈಯಲ್ಲಿ ಹಿಡಿದು ನೋಡಿದ್ದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಹಣದ ಕಡೆಯ ಪಾಠಕ್ಕೆ ಮಹಾರಾಷ್ಟ್ರದ ದಾಭೋಲ್ ವಿದ್ಯುತ್ ಸ್ಥಾವರವನ್ನು ನೋಡಿ. 740 ಮೆಗಾವಾಟ್‌ನ ಮೊದಲ ಹಂತ 1999ರಲ್ಲಿ ಶುರುವಾಗಿ 2001ರಲ್ಲಿ ನಿಂತಿತು. ಕೊಂಡರೂ ಕೊಳ್ಳದಿದ್ದರೂ ಡಾಲರಿಗೆ ತಳುಕು ಹಾಕಿದ ಸ್ಥಿರ ಶುಲ್ಕವನ್ನು ಕಟ್ಟಬೇಕೆಂಬ ಕರಾರನ್ನು ರಾಜ್ಯದ ವಿದ್ಯುತ್ ಮಂಡಳಿ ತಾಳಿಕೊಳ್ಳಲಾಗಲಿಲ್ಲ. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಿಮ್ಮ ಮಂಡ್ಯ ಜಿಲ್ಲೆಯಲ್ಲೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತಲ್ಲ, ಅಲ್ಲಿ ಕೊಳ್ಳುವವರು ಯಾರೆಂಬುದು ಸ್ಥಾವರ ಕಟ್ಟುವ ಮೊದಲೇ ತೀರ್ಮಾನವಾಗಿತ್ತು.

ಇನ್ನು ಒಂದೇ ದೊಡ್ಡ ಯಂತ್ರದ ಮಾತು. ಒಂದು ಘಟಕವು ಜಾಲದ ಗರಿಷ್ಠ ಬೇಡಿಕೆಯ ಹತ್ತನೆಯ ಒಂದು ಭಾಗವನ್ನು ಬಹಳ ಮೀರಬಾರದೆಂಬುದು ನಮ್ಮ ವೃತ್ತಿಯವರ ಹಳೆಯ ಲೆಕ್ಕ. 900ರ ಜಾಲದಲ್ಲಿ 300 ಮೆಗಾವಾಟ್ ಒಮ್ಮೆಗೇ ಟ್ರಿಪ್ ಆದರೆ, ಎಂದರೆ ತಟ್ಟನೆ ನಿಂತರೆ, ಜಾಲದ ಆವರ್ತನ (ಫ್ರೀಕ್ವೆನ್ಸಿ) ಕೆಲವೇ ಸೆಕೆಂಡುಗಳಲ್ಲಿ ಕುಸಿದು ದೇಶವೇ ಕತ್ತಲಾಗಬಹುದು. ಅಗ್ಗವೆಂದು ತಯಾರಕರು ಹೇಳುವ ಬೆಲೆಯಲ್ಲಿ ಆ ಕತ್ತಲಿನ ಖರ್ಚು ಸೇರಿಲ್ಲ. ಆದ್ದರಿಂದ ಸಣ್ಣ ಯಂತ್ರಗಳನ್ನು ಹಂತಹಂತವಾಗಿ ಹಾಕುವ ಪರ್ಯಾಯವನ್ನು ವರದಿಯಲ್ಲಿ ತಪ್ಪದೆ ಪರಿಶೀಲಿಸಿ. ಟರ್ಬೈನಿನ ನಾಮಫಲಕದ ಸಾಮರ್ಥ್ಯವು 15 ಡಿಗ್ರಿ ಉಷ್ಣಾಂಶಕ್ಕೆ ಹೇಳಿದ್ದು. 35 ಡಿಗ್ರಿಯ ಮಧ್ಯಾಹ್ನ ಅದರಲ್ಲಿ ಹತ್ತನೆಯ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಕೊನೆಯದಾಗಿ, ಆ ದೇಶದ ಹೊರೆ ನಿಯಂತ್ರಣ ಕೇಂದ್ರದಿಂದ ಒಂದು ವರ್ಷದ ಗಂಟೆಗಂಟೆಯ ಲಾಗ್ ಹಾಳೆಗಳನ್ನು ತರಿಸಿಕೊಳ್ಳಿ. ಕೈಬರಹದಲ್ಲಿದ್ದರೆ ಇನ್ನೂ ಒಳ್ಳೆಯದು, ಪಕ್ಕದ ಷರಾಗಳನ್ನೂ ಓದಬಹುದು.

ಪ್ರಶ್ನೆ (ಶಿಕ್ಷಕಿ, ಶ್ರೀರಂಗಪಟ್ಟಣ): ಸರ್, ಕಾವೇರಿ ನೀರಿನ ಒಂದೊಂದು ಕ್ಯೂಸೆಕ್‌ಗೂ ನಮ್ಮಲ್ಲಿ ಜಗಳವಿದೆ. ಇಂಥ ಸ್ಥಾವರ ಎಷ್ಟು ನೀರು ಕುಡಿಯುತ್ತದೆ?

ಉತ್ತರ: ಮೇಡಂ, ಕೂಲಿಂಗ್ ಟವರ್ ಇರುವ ಸಂಯುಕ್ತ ಆವರ್ತದ ಸ್ಥಾವರಕ್ಕೆ ಒಂದು ಯೂನಿಟ್ ವಿದ್ಯುತ್ತಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಎಂದಿಟ್ಟುಕೊಳ್ಳಬಹುದು, ಕಲ್ಲಿದ್ದಲಿನ ಸ್ಥಾವರಕ್ಕೆ ಇದಕ್ಕಿಂತ ಬಹಳ ಹೆಚ್ಚು ಬೇಕು. 300 ಮೆಗಾವಾಟ್ ಹಗಲಿರುಳು ನಡೆದರೆ ದಿನಕ್ಕೆ ಸುಮಾರು 70 ಲಕ್ಷ ಲೀಟರ್ ಆಯಿತು. ಉಗಿಯನ್ನು ಗಾಳಿಯಿಂದಲೇ ತಣಿಸುವ ವ್ಯವಸ್ಥೆ ಮಾಡಿದರೆ ಇದರ ಬಹುಪಾಲು ಉಳಿಯುತ್ತದೆ. ಖರ್ಚು ಏರುತ್ತದೆ, ಉತ್ಪಾದನೆ ಸ್ವಲ್ಪ ತಗ್ಗುತ್ತದೆ. ಕರಾವಳಿಯಲ್ಲಿ ಸಮುದ್ರದ ನೀರನ್ನೇ ಬಳಸಬಹುದು, ಆದರೆ ಬಿಸಿಯಾಗಿ ಮರಳುವ ನೀರಿನಿಂದ ಮೀನುಗಾರರಿಗೆ ಆಗುವ ತೊಂದರೆಯನ್ನು ಅವರನ್ನೇ ಕೇಳಿ ಬರೆಯಬೇಕು.

ಮೊದಲ ಪ್ರಶ್ನೆ ಕೇಳಿದವರು (ಮೂರು ವಾರಗಳ ನಂತರ): ಸರ್, ಲಾಗ್ ಹಾಳೆಗಳು ಬಂದವು. ಸಂಜೆ 7ರಿಂದ 10ರವರೆಗೆ ಮಾತ್ರ ಬೇಡಿಕೆ 900ಕ್ಕೆ ಏರುತ್ತದೆ. ಉಳಿದ ಹೊತ್ತು 600ರ ಆಸುಪಾಸಿನಲ್ಲಿದ್ದು, ಈಗಿರುವ ಜಲವಿದ್ಯುತ್ ಹೆಚ್ಚುಕಡಿಮೆ ಸಾಕಾಗುತ್ತದೆ. ಷರಾದ ಅಂಕಣದಲ್ಲಿ ಬೇಸಿಗೆಯ ಎರಡು ತಿಂಗಳು 'ಜಲಾಶಯದ ಮಟ್ಟ ಕಡಿಮೆ' ಎಂದಿದೆ.

ಉತ್ತರ: ನಿಮ್ಮ ವರದಿಯ ದಿಕ್ಕನ್ನೇ ಬದಲಿಸುವ ಮಾಹಿತಿ ಇದು. ದಿನಕ್ಕೆ ಮೂರು ಗಂಟೆ ನಡೆಯುವ ಸ್ಥಾವರಕ್ಕೆ ಉಗಿಯ ಭಾಗದ ಬಂಡವಾಳ ಹುಟ್ಟುವುದಿಲ್ಲ. ಅರ್ಧ ಗಂಟೆಯೊಳಗೆ ಹೊರೆ ಹೊರಬಲ್ಲ ಸಣ್ಣ ಅನಿಲ ಟರ್ಬೈನುಗಳನ್ನು ಮೊದಲ ಹಂತದಲ್ಲಿ ಬರೆಯಿರಿ. ಮುಂದೆ ಬೇಡಿಕೆ ಬೆಳೆದರೆ ಉಗಿ ಬಾಯ್ಲರ್ ಸೇರಿಸಲು ಚಿಮಣಿಯ ಪಕ್ಕದಲ್ಲಿ ಜಾಗವನ್ನೂ, ಬಿಸಿಗಾಳಿಯನ್ನು ಬಾಯ್ಲರಿಗೆ ಕಳಿಸದೆ ನೇರವಾಗಿ ಹೊರಬಿಡುವ ಬೈಪಾಸ್ ವ್ಯವಸ್ಥೆಯನ್ನೂ ಈಗಲೇ ನಕ್ಷೆಯಲ್ಲಿ ತೋರಿಸಿ. ಜಲಾಶಯ ಬತ್ತುವ ಆ ಎರಡು ತಿಂಗಳು ಹೆಚ್ಚು ಹೊತ್ತು ಓಡಿಸಬೇಕಾಗುವುದರಿಂದ ಅದರ ಅನಿಲವನ್ನು ಬೇರೆಯಾಗಿ ಲೆಕ್ಕ ಹಾಕಿ. ವರ್ಷವಿಡೀ 14 ಲಕ್ಷ ಘನ ಮೀಟರ್ ಎತ್ತಲೇಬೇಕು, ಇಲ್ಲವೇ ಹಣ ತೆರಬೇಕು ಎನ್ನುವ ಷರತ್ತು ಕರಡು ಒಪ್ಪಂದದಲ್ಲಿದ್ದರೆ, ಅದನ್ನು ವರದಿಯ ಮೊದಲ ಪುಟದಲ್ಲೇ ಕೆಂಪು ಅಕ್ಷರದಲ್ಲಿ ತೋರಿಸಿ. ಕರಡು ಕೈಗೆ ಬಂದಾಗ ಆ ಷರತ್ತಿನ ಮಾತುಗಳನ್ನು ಇಲ್ಲಿಗೇ ಕಳಿಸಿ, ಕುಳಿತು ಓದೋಣ.